ದೆವ್ವದ ಮನೆಯ ಬಾಗಿಲ ಮೇಲಿನ ಮಗು

ಕಂಡಕ್ಟರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಡಿಪೋದಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯವರೆಗೆ ಬರುವಷ್ಟು ಹೊತ್ತು ಕಾಯುವ ಕೋಪವೇ ಅಲ್ಲ ಅದು. ಟಿಕೆಟ್ ತೆಗೆದುಕೊಳ್ಳದೆ ಹಿಂದಿನ ಸೀಟಿನಲ್ಲಿ ಗೊರಕೆ ನಟಿಸುವವನು, ಇಳಿಯುವ ಸ್ಟಾಪು ಬಂದಮೇಲೆ ಜೇಬು ತಡಕಾಡುವವನು, ಬಸುರಿ ಹೆಂಗಸು ಎದುರಿಗೇ ನಿಂತಿದ್ದರೂ ಕಿಟಕಿಯಾಚೆ ಪ್ರಪಂಚ ನೋಡುವವನು, ಇವರೆಲ್ಲ ಅವಳ ಬಾಯಿಗೆ ಬಿದ್ದು ಪಾವನರಾದವರು. ಈಗ ಅವಳಿಗೆ ನಿವೃತ್ತಿಯಾಗಿದೆ. ಬಸ್ಸು ಕೈಬಿಟ್ಟಿದೆ, ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಶಾಲೆಗೆ ರಜೆಯಿದ್ದ ಆ ಬುಧವಾರ ಅವಳು ಮೊಮ್ಮಗಳನ್ನು ಸಮುದ್ರದ ದಂಡೆಯ ಪಾರ್ಕಿಗೆ ಕರೆದುಕೊಂಡು ಹೊರಟಿದ್ದು ಮಗಳ ಮಾತಿಗೆ ಕಟ್ಟುಬಿದ್ದು. ಮೊಮ್ಮಗಳಿಗೆ ಐದು ವರ್ಷ. ಮನೆಯಲ್ಲಿ ಎಲ್ಲರೂ ಬಟಾಣಿ ಅನ್ನುತ್ತಾರೆ. ಶಾಲೆಗೆ ಸೇರಿದ ಹೊಸದರಲ್ಲಿ ಬಟಾಣಿ ಎಷ್ಟು ಅತ್ತಿದ್ದಳೆಂದರೆ ತರಗತಿಯ ಮಕ್ಕಳು ಅವಳಿಗೆ ‘ನಲ್ಲಿ’ ಎಂದು ಹೆಸರಿಟ್ಟುಬಿಟ್ಟರು. ನಲ್ಲಿ ಬಂತು, ನಲ್ಲಿ ಹೋಯಿತು, ನಲ್ಲಿ ತೆರೆಯಿತು. ಮಕ್ಕಳ ಬಾಯಿಗೆ ಬೀಗ ಹಾಕುವವರು ಯಾರು? ಬೆಳಿಗ್ಗೆಯಾದರೆ ಹೊಟ್ಟೆನೋವು, ಶಾಲೆಯ ಗೇಟು ಕಂಡರೆ ವಾಂತಿ. ಇಡೀ ವರ್ಷ ಹೆಣಗಾಡಿದಮೇಲೆ ಈಗಷ್ಟೇ ಆ ಹೆಸರು ಮರೆಯಾಗಿದೆ. ಒಬ್ಬಳು ಗೆಳತಿಯೂ ಸಿಕ್ಕಿದ್ದಾಳೆ. ಅಂಥದ್ದರಲ್ಲಿ ಶನಿವಾರ ಶಾಲೆಯವರು ಇಡೀ ತರಗತಿಯನ್ನು ಆ ಪಾರ್ಕಿಗೆ ಕರೆದೊಯ್ಯುತ್ತಾರೆ ಎಂಬ ಸುದ್ದಿ ಬಂತು.

"ಅಮ್ಮಾ, ಅದಕ್ಕೆ ಮುಂಚೆ ನೀನು ಒಂದ್ಸಲ ಕರ್ಕೊಂಡು ಹೋಗಿ ತೋರಿಸ್ಕೊಂಡು ಬಾ," ಎಂದಿದ್ದಳು ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ವಾರದ ನಡುವೆ ರಜೆ ಸಿಗುವುದಿಲ್ಲ. "ಎಲ್ಲಿ ಏನಿದೆ ಅಂತ ಗೊತ್ತಿದ್ರೆ ಅವಳು ಹೆದರಲ್ಲ. ಎಲ್ಲರೆದುರು ಮತ್ತೆ ಅತ್ಲು ಅಂದ್ರೆ ಮುಗೀತು, ಮತ್ತೆ ನಲ್ಲಿ ಶುರುವಾಗತ್ತೆ. ಆದ್ರೆ ದೆವ್ವದ ಮನೆ ಕಡೆ ಮಾತ್ರ ತಲೆ ಹಾಕ್ಬೇಡ."

"ನಾನ್ಯಾಕೆ ಹಾಕ್ಲಿ?"

"ಹೋದ ಸಲ ಹಾಕಿದ್ಯಲ್ಲ, ಅದಕ್ಕೆ ಹೇಳಿದೆ."

ಹೋದ ಸಲವೆಂದರೆ ಎರಡು ವರ್ಷದ ಹಿಂದೆ. ದೆವ್ವದ ಮನೆಯೊಳಗೆ ಹಳಿಯ ಮೇಲೆ ಓಡುವ ಪುಟ್ಟ ಗಾಡಿಗಳಿರುತ್ತವೆ, ಒಂದೊಂದರಲ್ಲಿ ಎರಡೆರಡು ಸೀಟು. ಕಂಡಕ್ಟರಮ್ಮ ಹತ್ತಿ ಕೂತಮೇಲೆ ಪಕ್ಕದ ಸೀಟು ಖಾಲಿಯೇ ಉಳಿದಿತ್ತು, ಗಾಡಿ ಹೊರಡುವುದರಲ್ಲಿತ್ತು. ಖಾಲಿ ಸೀಟು ಇಟ್ಟುಕೊಂಡು ಗಾಡಿ ಬಿಡುವುದನ್ನು ಅವಳು ಜನ್ಮದಲ್ಲಿ ಸಹಿಸಿದವಳಲ್ಲ. ಮಗಳು ನೀರಿನ ಬಾಟಲಿ ತರಲು ಹೋಗಿದ್ದಾಗ ಮೊಮ್ಮಗಳನ್ನು ಅನಾಮತ್ತಾಗಿ ಎತ್ತಿ ಪಕ್ಕಕ್ಕೆ ಕೂರಿಸಿಕೊಂಡಿದ್ದಳು. ಒಳಗೆ ಮಗು ಸ್ವಲ್ಪ ಅತ್ತಿತು. ಯಾವ ಮಗು ಅಳುವುದಿಲ್ಲ? ಮಗಳು ಅದನ್ನೇ ಹಿಡಿದುಕೊಂಡು ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು. ಈಗಿನ ತಾಯಂದಿರಿಗೆ ಎಲ್ಲವೂ ದೊಡ್ಡದು, ಅಜ್ಜಿಯರ ಮಾತೊಂದು ಚಿಕ್ಕದು ಎಂದು ಕಂಡಕ್ಟರಮ್ಮ ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಪಾರ್ಕಿನಲ್ಲಿ ಮೊದಲರ್ಧ ದಿನ ಚೆನ್ನಾಗಿಯೇ ಕಳೆಯಿತು. ಉಪ್ಪುಗಾಳಿಗೆ ಕಂಬಿಗಳೆಲ್ಲ ತುಕ್ಕು ಹಿಡಿದಿದ್ದವು, ಹಲಗೆ ಹಾಸಿದ ದಾರಿಯ ಮೇಲೆ ಮರಳು ಕರಕರ ಅನ್ನುತ್ತಿತ್ತು, ಒಂದೊಂದು ಆಟದ ಎದುರಿಗೂ ಒಂದೊಂದು ಸ್ಪೀಕರು ತನಗೆ ತೋಚಿದ ಹಾಡು ಕಿರುಚುತ್ತಿತ್ತು. ಬಟಾಣಿ ಮೊದಲು ಅಜ್ಜಿಯ ಕೈಚೀಲಕ್ಕೆ ಅಂಟಿಕೊಂಡೇ ನಡೆದಳು. ತಿರುಗುವ ಕುದುರೆಗಳ ಹತ್ತಿರ ಬಂದಾಗ ಕಿವಿ ಮುರಿದ ಒಂದು ಕುದುರೆಯನ್ನು ಕಂಡು ಅವಳಿಗೆ ಪಾಪ ಅನ್ನಿಸಿತು. ಅದರ ಮೇಲೆ ಯಾರೂ ಕೂರುತ್ತಿಲ್ಲ ಎಂದು ತಾನೇ ಕೂತಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮುಖ ಅರಳಿತ್ತು. ಆಮೇಲೆ ದೋಣಿ, ಆಮೇಲೆ ಗುದ್ದಾಡುವ ಕಾರು, ಆಮೇಲೆ ಐಸ್‌ಕ್ರೀಮು. ಕಾಲು ತೊಳೆಯುವ ಜಾಗ ಎಲ್ಲಿದೆ, ಕಕ್ಕಸು ಎಲ್ಲಿದೆ, ಯಾವ ಕುದುರೆ ಮೇಲೆ ಕೆಳಗೆ ಹೋಗುತ್ತದೆ, ಯಾವುದು ಸುಮ್ಮನೆ ನಿಲ್ಲುತ್ತದೆ, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು.

"ಅಜ್ಜಿ, ಶನಿವಾರ ನಾನೇ ಎಲ್ಲರಿಗೂ ತೋರಿಸ್ತೀನಿ. ಮಿಸ್‌ಗೂ ತೋರಿಸ್ತೀನಿ."

"ತೋರಿಸು ರಾಣಿ. ನೀನೇ ಅವರ ಕಂಡಕ್ಟರು," ಎಂದಳು ಅಜ್ಜಿ. ಅವಳಿಗೆ ತುಂಬ ಸಂತೋಷವಾಗಿತ್ತು. ಮಗಳಿಗೆ ಹೇಳಲು ಮಾತುಗಳನ್ನು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ದಾರಿ ಸಮುದ್ರದ ಕಡೆ ತಿರುಗುವ ಮೂಲೆಯಲ್ಲಿ ದೆವ್ವದ ಮನೆ ಇತ್ತು. ಅದನ್ನು ದಾಟಿಯೇ ಹೊರಹೋಗಬೇಕು. ಕಂಡಕ್ಟರಮ್ಮ ಮಗುವಿನ ಗಮನ ಬೇರೆ ಕಡೆ ಸೆಳೆಯಲೆಂದು ಕಡಲಕಾಗೆ ತೋರಿಸುತ್ತ ಬೇಗಬೇಗ ಹೆಜ್ಜೆ ಹಾಕುತ್ತಿದ್ದವಳು ತಾನೇ ತಲೆಯೆತ್ತಿ ನೋಡಿ ನಿಂತುಬಿಟ್ಟಳು.

ಬಾಗಿಲ ಮೇಲೆ ಆಳೆತ್ತರದ ಹೊಸ ಬೋರ್ಡು ಹಾಕಿದ್ದರು. ಬೋರ್ಡಿನ ತುಂಬ ಒಂದೇ ಒಂದು ಮುಖ. ಬೋಳುತಲೆಯ ಪುಟ್ಟ ಮಗು, ಗಂಟಲೊಳಗಿನ ಕಿರುನಾಲಗೆ ಕಾಣುವಷ್ಟು ಬಾಯಿ ತೆರೆದಿದೆ, ಮೂಗಿನಿಂದ ಸಿಂಬಳ ತುಟಿಗಿಳಿದಿದೆ, ಕಣ್ಣು ಮೇಲೆ ಸಿಕ್ಕಿಕೊಂಡಿದೆ. ಕೆಳಗೆ ಕೆಂಪು ಬಣ್ಣದಲ್ಲಿ ‘ಅಳುಬುರುಕರಿಗೆ ಪ್ರವೇಶವಿಲ್ಲ’ ಎಂದು ಬರೆದಿದ್ದರು. ಸಾಲಿನಲ್ಲಿ ನಿಂತ ಜನ ಅದನ್ನು ನೋಡಿ ನೋಡಿ ನಗುತ್ತಿದ್ದರು. ಒಬ್ಬ ಗಂಡಸು ತನ್ನ ಹೆಂಡತಿಗೆ ಆ ಬಾಯಿಯನ್ನು ಅಣಕಿಸಿ ತೋರಿಸುತ್ತಿದ್ದ.

ಹೇನು ಹೆಚ್ಚಾಗಿದೆ ಎಂದು ಬಟಾಣಿಯ ತಲೆ ಬೋಳಿಸಿದ್ದು ಹೋದ ಸಲ ಇಲ್ಲಿಗೆ ಬಂದ ಆ ವರ್ಷವೇ. ಹಳದಿ ಅಂಗಿಯ ಕತ್ತಿನಲ್ಲಿದ್ದ ಬಾತುಕೋಳಿಯ ಗುಂಡಿಯನ್ನು ಕಂಡಕ್ಟರಮ್ಮ ತನ್ನ ಕೈಯಾರೆ ಹೊಲಿದಿದ್ದಳು. ಎಡಹುಬ್ಬನ್ನು ಎರಡು ಭಾಗ ಮಾಡಿದ ಗಾಯದ ಗೆರೆ ಮಂಚದಿಂದ ಬಿದ್ದಾಗ ಆದದ್ದು. ಅವಳಿಗೆ ಗುರುತು ಹತ್ತಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

ಬಟಾಣಿಗೆ ಮಾತ್ರ ಗುರುತು ಹತ್ತಲಿಲ್ಲ. ಈಗ ಅವಳಿಗೆ ಎರಡು ಜಡೆಗಳಿವೆ. ಅವಳು ಬೋರ್ಡಿಗೆ ಬೆರಳು ತೋರಿಸಿ ಎಲ್ಲರ ಜೊತೆ ತಾನೂ ನಕ್ಕಳು. "ಅಜ್ಜಿ, ನೋಡು ಆ ಪಾಪುನ. ನಲ್ಲಿ ಥರ ಅಳ್ತಿದೆ."

ಕಂಡಕ್ಟರಮ್ಮ ಆ ಬೆರಳನ್ನು ಹಿಡಿದು ಕೆಳಗಿಳಿಸಿದಳು. ಅಷ್ಟರಲ್ಲಿ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಬೋರ್ಡು ನೋಡಿ, ಬಟಾಣಿಯನ್ನು ನೋಡಿ, ಗೆಳತಿಯನ್ನು ತಿವಿದಳು. "ಏ, ಇದೇ ಮಗು ಅಲ್ವೇನೇ ಅದು? ಹುಬ್ಬು ನೋಡು." ಗೆಳತಿ ಫೋನು ಮೇಲೆತ್ತಿದಳು. ಅಜ್ಜಿ ಮಗುವಿನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಇಬ್ಬರನ್ನೂ ಒಂದು ನೋಟ ನೋಡಿದಳು. ಹಿಂದಿನ ಸೀಟಿನ ಗೊರಕೆಗಳನ್ನು ನಿಲ್ಲಿಸುತ್ತಿದ್ದ ನೋಟ ಅದು. ಫೋನು ಕೆಳಗಿಳಿಯಿತು.

ಯಾರೋ ದಾರಿಹೋಕಳು ಒಂದೇ ನೋಟಕ್ಕೆ ಹಿಡಿದಳು. ಇನ್ನು ದಿನಾ ಪಕ್ಕದಲ್ಲಿ ಕೂರುವ ಮಕ್ಕಳು ಬಿಡುತ್ತವೆಯೇ? ಶನಿವಾರ ಬಟಾಣಿಯೇ ಮುಂದೆ ನಿಂತು ಎಲ್ಲರನ್ನೂ ಈ ಮೂಲೆಗೆ ಕರೆತರುತ್ತಾಳೆ. ಯಾವುದೋ ಒಂದು ಮಗು ಹುಬ್ಬು ನೋಡಿ ಕೂಗುತ್ತದೆ. ಆಗ ಇಷ್ಟೆತ್ತರದ ನಲ್ಲಿಯ ಕೆಳಗೆ ನಿಂತು ಇವಳಿಗೆ ತಿಳಿಯಬೇಕು, ತಾನು ನಕ್ಕದ್ದು ತನ್ನನ್ನೇ ನೋಡಿ ಎಂದು. ಕಂಡಕ್ಟರಮ್ಮನ ಪಿತ್ತ ನೆತ್ತಿಗೇರಿತು. ಆ ಬೋರ್ಡು ಇವತ್ತು ಇಳಿಯಬೇಕು. ಇಳಿಯದೆ ತಾನು ಈ ಜಾಗ ಬಿಟ್ಟು ಕದಲುವುದಿಲ್ಲ.

ಗಾರ್ಡು ಟಿಕೆಟ್ ಕಿಟಕಿಯವನನ್ನು ಕೇಳಿ ಎಂದ. ಕಿಟಕಿಯವನು ಆಫೀಸಿನಲ್ಲಿ ಕೇಳಿ ಎಂದ. ಆಫೀಸಿನ ಬಾಗಿಲಲ್ಲಿದ್ದವನು ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದ. ಸಾಹೇಬರು ಗಾಜಿನಾಚೆ ಬರ್ಗರ್ ತಿನ್ನುತ್ತಿರುವುದು ಕಾಣುತ್ತಿತ್ತು. ಕಂಡಕ್ಟರಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಬಟಾಣಿಯನ್ನು ಕಿಟಕಿಯ ಹತ್ತಿರದ ತಿರುಗುವ ಕುರ್ಚಿಯಲ್ಲಿ ಕೂರಿಸಿ, "ಸಮುದ್ರ ನೋಡ್ತಾ ಇರು, ಅಜ್ಜಿಗೆ ಇಲ್ಲಿ ಸ್ವಲ್ಪ ಕೆಲಸ ಇದೆ," ಎಂದಳು.

ಮ್ಯಾನೇಜರು ಮಗಳ ವಯಸ್ಸಿನವನು. ಬೈದರೂ ನಗುವ ಜಾತಿ. "ಅಮ್ಮ, ನೀವು ಅದನ್ನ ತಪ್ಪು ತಿಳ್ಕೊಂಡಿದೀರ. ಮಗು ಎಷ್ಟು ಮುದ್ದಾಗಿದೆ. ಜನ ತುಂಬ ಇಷ್ಟಪಟ್ಟಿದಾರೆ."

"ಇಷ್ಟಪಟ್ಟವರು ಹಾಗೆ ಅಣಕಿಸ್ತಾರಾ?" ಮಗುವಿಗೆ ಕೇಳಿಸಬಾರದೆಂದು ಅವಳು ದನಿ ತಗ್ಗಿಸಿದ್ದಳು. ತಗ್ಗಿಸಿದ ದನಿಯಲ್ಲಿ ಬೈಯುವುದು ಅವಳಿಗೆ ಅಭ್ಯಾಸವಿರಲಿಲ್ಲ, ಕತ್ತಿನ ನರ ಉಬ್ಬಿತ್ತು. "ನಿಮ್ಮ ಮನೆ ಮಗು ಸಿಂಬಳ ಸುರಿಸ್ಕೊಂಡು ಅಳೋದನ್ನ ಬೀದಿ ಬಾಗಿಲಿಗೆ ಹಾಕ್ಕೋತೀರಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅದು ಹೆದರಿ ಉಸಿರು ಕಟ್ಕೊಂಡು ಅಳ್ತಿದೆ. ನಿಮಗೆ ಅದು ಮುದ್ದು."

"ಒಂದು ಕೆಲಸ ಮಾಡೋಣ. ಪಾಪುಗೆ ಇಡೀ ವರ್ಷ ಓಡಾಡೋಕೆ ಒಂದು ಪಾಸು ಕೊಡ್ತೀನಿ."

"ಪಾಸು ಬೇಡ. ಬೋರ್ಡು ಇಳಿಸಿ. ಯಾರನ್ನ ಕೇಳಿ ಹಾಕಿದ್ರಿ ಅದನ್ನ?"

ಮ್ಯಾನೇಜರು ಮೇಜಿನ ಮೇಲಿದ್ದ ಒಂದು ಟಿಕೆಟು ತೆಗೆದು ಮಗುಚಿ ಅವಳ ಮುಂದಿಟ್ಟ. ಇರುವೆ ಸಾಲಿನಂಥ ಅಕ್ಷರ. ಒಳಗೆ ತೆಗೆದ ಫೋಟೋಗಳನ್ನು ಪಾರ್ಕಿನವರು ಪ್ರಚಾರಕ್ಕೆ ಬಳಸಬಹುದು ಎಂದಿತ್ತು. "ಟಿಕೆಟ್ ಹಿಂದೆ ಬರೆದಿದೆ ನೋಡಿ ಅಮ್ಮ. ಓದ್ಕೋಬೇಕಿತ್ತು."

ಕಂಡಕ್ಟರಮ್ಮನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಅದು ಅವಳದೇ ಮಾತು. ಲಗೇಜು ಕಳೆದವರಿಗೆ, ಬಸ್ಸು ಕೆಟ್ಟು ಮದುವೆ ತಪ್ಪಿಸಿಕೊಂಡವರಿಗೆ, ಕಣ್ಣೀರು ಹಾಕಿಕೊಂಡು ಬಂದವರಿಗೆಲ್ಲ ಅವಳು ಎಸೆಯುತ್ತಿದ್ದದ್ದು ಈ ಒಂದೇ ಮಾತನ್ನು. ಎದುರಿಗಿದ್ದವರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಮಾತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗೆಂದು ಬಾಯಿ ಮುಚ್ಚುವವಳಲ್ಲ ಅವಳು.

"ಹಿಂದೆ ಬರೆದಿದ್ದು ಇರ್ಲಿ. ಒಂದು ಮಾತು ನಮ್ಮನ್ನ ಕೇಳಿದ್ರಾ?"

"ಕೇಳೋದೇನು, ಮನೆಯವರೇ ಹಾಕಿ ಅಂದ್ರಂತಲ್ಲ," ಎಂದ ಮ್ಯಾನೇಜರು. ಅವನಿಗೂ ಈಗ ಸಾಕಾಗಿತ್ತು. ಪಕ್ಕದ ಕೋಣೆಯಿಂದ ಫೋಟೋ ಕೌಂಟರಿನವನನ್ನು ಕರೆದ. ಅವನೊಬ್ಬ ನಡುವಯಸ್ಸಿನ ಮನುಷ್ಯ, ಕೊರಳಲ್ಲಿ ಕ್ಯಾಮೆರಾ ತೂಗುತ್ತಿತ್ತು. ಕಂಡಕ್ಟರಮ್ಮನನ್ನು ಕಂಡದ್ದೇ ಅವನ ಮುಖ ಅರಳಿತು.

"ಅಯ್ಯೋ, ಇವರೇ ಅಲ್ವಾ. ಅಮ್ಮ, ನಿಮ್ಮ ಫೋಟೋಗೆ ಎಂಥ ಹೆಸರು ಬಂದಿದೆ ಗೊತ್ತಾ?" ಅವನು ಕಂಪ್ಯೂಟರಿನಲ್ಲಿ ಹುಡುಕಿ ಪರದೆಯನ್ನು ಅವಳ ಕಡೆ ತಿರುಗಿಸಿದ.

ಬೋರ್ಡಿನಲ್ಲಿದ್ದದ್ದು ಅರ್ಧ ಫೋಟೋ. ದೆವ್ವದ ಮನೆಯೊಳಗಿನ ಕ್ಯಾಮೆರಾ ತಾನಾಗಿ ತೆಗೆದ ಇಡೀ ಫೋಟೋ ಇಲ್ಲಿತ್ತು. ಗಾಡಿಯ ಎಡಗಡೆಯ ಸೀಟಿನಲ್ಲಿ ಮಗು. ಬಲಗಡೆಯ ಸೀಟಿನಲ್ಲಿ ಕಂಡಕ್ಟರಮ್ಮ, ತಲೆ ಹಿಂದಕ್ಕೆ ಚೆಲ್ಲಿ, ಕಟ್ಟಿಸಿದ ಹಲ್ಲು ಅಷ್ಟೂ ಕಾಣುವಂತೆ ನಗುತ್ತಿದ್ದಾಳೆ. ಮಗು ದೆವ್ವದ ಕಡೆ ನೋಡುತ್ತಿಲ್ಲ. ಕಣ್ಣು ಮೇಲೆ ಸಿಕ್ಕಿಕೊಂಡದ್ದಲ್ಲ ಅದು, ಅಜ್ಜಿಯ ಮುಖದ ಕಡೆ ಎತ್ತಿದ್ದು. ಎರಡೂ ಮುಷ್ಟಿಯಲ್ಲಿ ಅಜ್ಜಿಯ ತೋಳಿನ ಬಟ್ಟೆ ಹಿಡಿದು ಜಗ್ಗುತ್ತಿದೆ. ಅಜ್ಜಿ ಎದುರಿನ ಅಸ್ಥಿಪಂಜರಕ್ಕೆ ಟಾಟಾ ಮಾಡುತ್ತಿದ್ದಾಳೆ.

"ಹೊರಗೆ ಬಂದಮೇಲೆ ನೀವೇ ಅಂದ್ರಲ್ಲ," ಎಂದ ಫೋಟೋದವನು, ಹಳೆಯ ಸ್ನೇಹಿತರಿಗೆ ನೆನಪು ಮಾಡಿಕೊಡುವವನಂತೆ. "‘ಇದನ್ನ ಬಾಗಿಲಿಗೆ ಹಾಕ್ರಪ್ಪ, ಸ್ಟ್ಯಾಂಡಿಂಗೂ ಇಲ್ಲದ ಹಾಗೆ ಬಸ್ಸು ತುಂಬತ್ತೆ’ ಅಂತ. ಎಷ್ಟು ನಕ್ಕಿದ್ವಿ ಅವತ್ತು."

ಅಂದಿರಲಿಕ್ಕಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಆದರೆ ಆ ಮಾತು ಇನ್ಯಾರ ಬಾಯಿಂದ ಬಂದೀತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗು ಆಗ ಅವಳ ಸೊಂಟದ ಮೇಲೆ ಬಿಕ್ಕುತ್ತಿತ್ತೇನೋ. ಆ ಬಿಕ್ಕು ಅವಳಿಗೆ ನೆನಪಿಲ್ಲ, ನಗು ನೆನಪಿದೆ. ಕಿಟಕಿಯ ಹತ್ತಿರ ಬಟಾಣಿ ಕುರ್ಚಿಯನ್ನು ಗಿರ್ರನೆ ತಿರುಗಿಸಿಕೊಂಡು ಹಾಡುತ್ತಿದ್ದಳು. ಕಂಡಕ್ಟರಮ್ಮ ಕೈಚಾಚಿ ಪರದೆಯನ್ನು ಗೋಡೆಯ ಕಡೆ ತಿರುಗಿಸಿದಳು.

"ಹೌದು, ಅಂದಿದ್ದೆ. ಬುದ್ಧಿ ಇರ್ಲಿಲ್ಲ, ಅಂದೆ. ಆ ಮುಖ ನನ್ನದಲ್ಲ, ಕೊಡೋಕೆ ನಾನ್ಯಾರು? ಈಗ ಇಳಿಸಿ ಅಂತ ಹೇಳ್ತಿದೀನಿ."

"ಮುಂದಿನ ತಿಂಗಳು ಹೇಗೂ ಬದಲಾಯಿಸ್ತೀವಿ ಅಮ್ಮ."

"ಶನಿವಾರ ಅವಳ ಶಾಲೆ ಇಲ್ಲಿಗೆ ಬರತ್ತೆ."

ಮ್ಯಾನೇಜರು ಭುಜ ಕುಣಿಸಿ ಬರ್ಗರಿನ ಕಡೆ ನೋಡಿದ. ಆ ನೋಟವೊಂದು ಇಲ್ಲದಿದ್ದರೆ ಅವಳು ಇನ್ನೊಂದು ಮಾತು ಬೇಡಿಕೊಳ್ಳುತ್ತಿದ್ದಳೋ ಏನೋ. ಅವನ ಮೇಲಿನ ಸಿಟ್ಟು, ಅದರ ಹತ್ತರಷ್ಟು ತನ್ನ ಮೇಲಿನ ಸಿಟ್ಟು, ಎರಡೂ ಸೇರಿ ಅವಳ ಮೈ ಉರಿಯುತ್ತಿತ್ತು. ಬಟಾಣಿಯ ಕೈ ಹಿಡಿದು ಸೀದಾ ದೆವ್ವದ ಮನೆಗೆ ಬಂದಳು. ಬೋರ್ಡು ಕಾಣದ ಹಾಗೆ ಮಗುವನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂರಿಸಿ, ತಾನು ಸಾಲಿನ ತಲೆಗೆ ಹೋಗಿ ನಿಂತಳು.

ಆಮೇಲೆ ದನಿ ತೆಗೆದಳು. ಎಂಜಿನ್ನಿನ ಸದ್ದು, ಹಾರನ್ನು, ಮಳೆ, ಅರವತ್ತು ಜನರ ಗದ್ದಲ ಎಲ್ಲವನ್ನೂ ಸೀಳಿಕೊಂಡು ಡ್ರೈವರನ ಕಿವಿಗೆ ಮುಟ್ಟುತ್ತಿದ್ದ ದನಿ ಅದು.

"ಇಲ್ಲಿ ಹತ್ತಬೇಡಿ. ಇದು ಹೋಗಲ್ಲ. ಮುಂದೆ ಹೋಗಿ, ಮುಂದೆ ಹೋಗಿ. ಬಾಗಿಲಲ್ಲಿ ನಿಲ್ಲಬೇಡಿ. ಆ ಕಡೆ ದೋಣಿ ಖಾಲಿ ಇದೆ, ಕುದುರೆ ಖಾಲಿ ಇದೆ. ಯಜಮಾನ್ರೇ, ನಿಮಗೇ ಹೇಳಿದ್ದು, ಮಗುನ ಎತ್ಕೊಳ್ಳಿ, ಮುಂದೆ ಹೋಗಿ."

ಜನ ವಿಚಿತ್ರ. ಯಾಕೆ ಎಂದು ಒಬ್ಬನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಆ ದನಿಗೆ ಹೆಜ್ಜೆ ಹಾಕಿ ರೂಢಿಯಾದವರು, ಚೀಲ ಎತ್ತಿಕೊಂಡರು, ಮಕ್ಕಳನ್ನು ಎಳೆದುಕೊಂಡರು, ಹೊರಟರು. ಹೆಂಡತಿಗೆ ಅಣಕಿಸಿ ತೋರಿಸುತ್ತಿದ್ದವನು ಎಲ್ಲರಿಗಿಂತ ಮೊದಲು ಹೋದ. ಹಿಂದೆ ಬಂದವರು ಮುಂದಿನವರು ಹೋಗುವುದನ್ನು ಕಂಡು ತಾವೂ ತಿರುಗಿದರು. ಗಾರ್ಡು ಓಡಿ ಬಂದು ಅವಳ ಭುಜಕ್ಕೆ ಕೈ ಹಾಕಲು ನೋಡಿದ. "ಡ್ಯೂಟಿ ಮೇಲಿರೋರನ್ನ ಮುಟ್ಟಬೇಡಿ," ಎಂದು ಅವಳು ಹೇಳಿದ್ದಕ್ಕೆ ಅವನ ಕೈ ತಾನಾಗಿ ಹಿಂದೆ ಸರಿಯಿತು. ದೆವ್ವದ ಮನೆಯ ಗಾಡಿಗಳು ಖಾಲಿ ಸೀಟು ಹೊತ್ತುಕೊಂಡು ಒಳಗೆ ಹೋದವು, ಖಾಲಿ ಸೀಟು ಹೊತ್ತುಕೊಂಡು ಹೊರಗೆ ಬಂದವು. ಅವಳು ಜನ್ಮದಲ್ಲಿ ಮೊದಲ ಸಲ ಅದನ್ನು ತೃಪ್ತಿಯಿಂದ ನೋಡಿದಳು.

ಮ್ಯಾನೇಜರು ಬಂದ. ಪೊಲೀಸರನ್ನು ಕರೆಸುತ್ತೇನೆ ಎಂದ. "ಕರೆಸಿ. ಅವರನ್ನೂ ಮುಂದೆ ಕಳಿಸ್ತೀನಿ," ಎಂದಳು. ಅವನು ಸ್ವಲ್ಪ ಹೊತ್ತು ಆ ಖಾಲಿ ಗಾಡಿಗಳನ್ನೇ ನೋಡಿದ. ಅವನ ನಗು ಎಲ್ಲೋ ಹೋಗಿತ್ತು. ಕೊನೆಗೆ ಗಾರ್ಡಿಗೆ, "ಏಣಿ ತರೋಕೆ ಹೇಳು," ಎಂದು ಬೆನ್ನು ತಿರುಗಿಸಿಕೊಂಡು ನಡೆದ.

ಇಬ್ಬರು ಆಳುಗಳು ಏಣಿ ಹತ್ತಿ ಮೊಳೆ ಕಿತ್ತರು. ಬೋರ್ಡು ಒಂದು ಮೂಲೆಯಿಂದ ಜೋತುಬಿದ್ದು ಆಮೇಲೆ ಕೆಳಗಿಳಿಯಿತು. ಅದನ್ನು ಮುಖ ಅಡಿಯಾಗಿ ಮಲಗಿಸಿ ಎಂದು ಕಂಡಕ್ಟರಮ್ಮ ಹೇಳಿ ಮಾಡಿಸಿದಳು. ಅಲ್ಲೇ ಚೂರಿ ಹಾಕಿ ಮೂರು ಭಾಗ ಮಾಡಿಸಿದಳು. ಕೆಲಸ ಮುಗಿದಮೇಲೆ ಕಟ್ಟೆಯ ಹತ್ತಿರ ಬಂದು ಮಗುವಿನ ಪಕ್ಕ ಕೂತಳು. ದನಿ ಒಡೆದಿತ್ತು.

ಬಟಾಣಿ ಕತ್ತು ತಿರುಗಿಸಿ ಅಷ್ಟೊತ್ತಿನಿಂದ ಎಲ್ಲವನ್ನೂ ನೋಡುತ್ತಲೇ ಇದ್ದಳು. "ಅಜ್ಜಿ, ಆ ಪಾಪುನ ಯಾಕೆ ಇಳಿಸಿದ್ರು?"

"ಎಲ್ರೂ ನೋಡಿ ನಗ್ತಿದ್ರಲ್ಲ, ಅದಕ್ಕೆ. ಹೆದರ್ಕೊಂಡು ಅಳೋರನ್ನ ನೋಡಿ ನಗಬಾರದು."

"ನಾನೂ ನಕ್ಕೆ."

"ನಿಂಗೆ ಗೊತ್ತಿರ್ಲಿಲ್ಲ ಬಿಡು."

ಬಟಾಣಿ ಕಾಲು ಆಡಿಸುತ್ತ ಯೋಚಿಸಿದಳು. "ಅಷ್ಟೊಂದು ಅಳುವಾಗ ಆ ಪಾಪು ಜೊತೆ ಯಾರೂ ಇರ್ಲಿಲ್ವಾ?"

ಕಂಡಕ್ಟರಮ್ಮ ಇಷ್ಟು ಹೊತ್ತೂ ಗಾರ್ಡಿಗೆ, ಕಿಟಕಿಯವನಿಗೆ, ಮ್ಯಾನೇಜರಿಗೆ, ಇಡೀ ಸಾಲಿಗೆ ಉತ್ತರ ಕೊಟ್ಟವಳು. ಈಗ ಬಟಾಣಿಯ ಪಾದಕ್ಕಂಟಿದ ಮರಳನ್ನು ಒರೆಸತೊಡಗಿದಳು. ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು.

"ಇದ್ರು. ಅದರ ಅಜ್ಜಿ ಇದ್ಲು. ಪಕ್ಕದಲ್ಲೇ."

"ಮತ್ತೆ ಎತ್ಕೊಳ್ಳಲಿಲ್ವಾ?"

"ಇಲ್ಲ."

ಬಟಾಣಿ ಅವಳನ್ನು ದಿಟ್ಟಿಸಿದಳು. ಗೆರೆ ಬಿದ್ದ ಹುಬ್ಬು ಗಂಟಿಕ್ಕಿತು, ಕೆನ್ನೆ ಕೆಂಪಾಯಿತು. "ಎಂಥ ಅಜ್ಜಿ ಅದು," ಎಂದಳು. "ನಂಗೆ ಅವಳ ಮೇಲೆ ತುಂಬ ಸಿಟ್ಟು ಬರ್ತಿದೆ."

"ನಂಗೂ ಕಣೇ," ಎಂದಳು ಕಂಡಕ್ಟರಮ್ಮ.